ಮಳೆಗಾಲದ ಮೊಸರಿಗೆ ಉಗುರುಬೆಚ್ಚಗಿನ ಹಾಲು

ಶಿರಸಿ ಕಡೆ ಆಷಾಢದ ಮಳೆ ಹಿಡಿದರೆ, ಬೇಸಿಗೆಯ ಲೆಕ್ಕದಲ್ಲಿ ಹಾಕಿದ ಹೆಪ್ಪು ಬೆಳಗಾದರೂ ಗಟ್ಟಿಯಾಗುವುದಿಲ್ಲ. ತಪ್ಪು ಹೆಚ್ಚಾಗಿ ಹೆಪ್ಪಿನದಲ್ಲ, ಬಿಸಿಯದು. ಕಾಯಿಸಿದ ಹಾಲು 40ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬೇಕು. ಅದ್ದಿದ ಬೆರಳನ್ನು ಹತ್ತು ಎಣಿಸುವವರೆಗೆ ಹಿತವಾಗಿ ಇಡುವಂತಿರಬೇಕು. ಸುಡುವ ಹಾಲಿಗೆ ಹಾಕಿದರೆ ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತವೆ. ತೀರಾ ತಣ್ಣಗಿದ್ದರೆ ಹುಳಿ ಏರುವುದು ನಿಧಾನ, ಮೊಸರು ಲೋಳೆಲೋಳೆ.

ಲೀಟರ್ ಹಾಲಿಗೆ ಬೇಸಿಗೆಯಲ್ಲಿ ಒಂದು ಟೀ ಚಮಚ ಹೆಪ್ಪು, ಮಳೆಗಾಲದಲ್ಲಿ ಎರಡು-ಮೂರು. ಗಂಟಿಲ್ಲದಂತೆ ಕದಡಿ, ಪಾತ್ರೆಗೆ ದಪ್ಪ ಟವೆಲ್ ಸುತ್ತಿ, ಬೂದಿ ಇನ್ನೂ ಬೆಚ್ಚಗಿರುವ ಒಲೆಯ ಪಕ್ಕ ಇಡಿ. ಆಮೇಲೆ ಅಲುಗಾಡಿಸಲೇಬೇಡಿ, ಕೂಡುತ್ತಿರುವ ಪ್ರೋಟೀನ್ ಜಾಲ ಹರಿದು ನೀರು ಬಿಡುತ್ತದೆ.

ಕಾರವಾರದ ಬೇಸಿಗೆ ಸೆಕೆಯಲ್ಲಿ ಇಷ್ಟೆಲ್ಲ ಬೇಡ. ಅಲ್ಲಿ ಹುಳಿ ಏರುವುದೇ ಚಿಂತೆ. ಗಟ್ಟಿಯಾದ ಕೂಡಲೇ ಫ್ರಿಜ್‌ಗೆ ಸೇರಿಸಿ.