ಹೊಲದಾಗ ಗಾಂಜಾ ಹಚ್ಚಬಹುದೇನ್ರಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಕೆನಡಾದಾಗ, ಜರ್ಮನಿಯಾಗ ಗಾಂಜಾ ಕಾಯ್ದೆಶೀರ ಆಗೇದಂತರಿ. ನಮ್ಮ ಕಡೆ ಬರೂದಕ್ಕಿಂತ ಮೊದಲs ಎರಡೆಕರೆ ಹಚ್ಚಿದ್ರ ಹೆಂಗ?" ಇಂಡಿ, ಜಮಖಂಡಿ, ಅಥಣಿ ಕಡೆಯ ಬೆಳೆಗಾರರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು. ಹಚ್ಚಬೇಡಿ. ಒಂದು ಗಿಡವನ್ನೂ ಹಚ್ಚಬೇಡಿ.

ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಇಟ್ಟುಕೊಂಡವರಿಗೆ ತೂಕದ ಲೆಕ್ಕವಿದೆ. 1 ಕಿಲೋವರೆಗೆ ಸಣ್ಣ ಪ್ರಮಾಣ. 20 ಕಿಲೋ ದಾಟಿದರೆ ಕನಿಷ್ಠ 10 ವರ್ಷ ಜೈಲು, ಜಾಮೀನು ಸಿಗುವುದೂ ಬಲು ಕಷ್ಟ. ಆದರೆ ಬೆಳೆದವರಿಗೆ ಈ ತೂಕದ ಲೆಕ್ಕವೇ ಇಲ್ಲ. ಗಿಡ ಎಷ್ಟೇ ಇರಲಿ, 20ನೇ ಕಲಂ ಪ್ರಕಾರ 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ.

ಹೊಲವನ್ನು ಲಾವಣಿ (ಗೇಣಿ) ಕೊಟ್ಟವರು ಇದನ್ನು ಲಕ್ಷ್ಯಗೊಟ್ಟು ಓದಬೇಕು. ನಿಮ್ಮ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಬೆಳೆದದ್ದು ಗೊತ್ತಾದ ಕೂಡಲೇ ತಿಳಿಸುವುದು 46ನೇ ಕಲಂ ಪ್ರಕಾರ ನಿಮ್ಮ ಕರ್ತವ್ಯ. ಕಬ್ಬು ಆಳೆತ್ತರ ಬೆಳೆದ ಮೇಲೆ ಒಳಗೆ ಯಾರೂ ಕಾಲಿಡುವುದಿಲ್ಲ, ಗಿಡ ಹಚ್ಚುವವರು ಹುಡುಕುವುದು ಅಂಥ ಜಾಗವನ್ನೇ. ಪೊಲೀಸರು ಬಂದಾಗ ಮೊದಲು ನೋಡುವುದು ಉತಾರದಲ್ಲಿ (ಪಹಣಿಯಲ್ಲಿ) ಯಾರ ಹೆಸರಿದೆ ಎಂದು. ಲಾವಣಿ ಕರಾರಿನಲ್ಲಿ ಯಾವ ಬೆಳೆ ಎಂದು ಬರೆಸಿ, ಹದಿನೈದು ದಿನಕ್ಕೊಮ್ಮೆ ಸಾಲಿನೊಳಗೆ ಹೊಕ್ಕು ಅಡ್ಡಾಡಿ ಬನ್ನಿ. ಗಿಡ ಕಂಡರೆ ನೀವೇ ಕಿತ್ತೊಗೆಯಬೇಡಿ. ಠಾಣೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಹೊರದೇಶದ ಸುದ್ದಿಯೂ ಕೇಳಿದಷ್ಟು ಸಿಹಿಯಾಗಿಲ್ಲ. ಉರುಗ್ವೆ 2013ರಲ್ಲಿ ಬಾಗಿಲು ತೆರೆಯಿತು, ಕೆನಡಾ 2018ರ ಅಕ್ಟೋಬರ್‌ನಲ್ಲಿ. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ಮನೆಯಲ್ಲಿ ಮೂರು ಗಿಡ ಬೆಳೆಸಬಹುದು, ಅಂಗಡಿ ಇಡುವಂತಿಲ್ಲ. ಕೆನಡಾದಲ್ಲಿ ಅಬಕಾರಿ ತೆರಿಗೆ ಗ್ರಾಮಿಗೆ 1 ಡಾಲರ್ ಅಥವಾ ಶೇ. 10, ಇವೆರಡರಲ್ಲಿ ಹೆಚ್ಚಿನದು. ಗ್ರಾಮಿಗೆ 10 ಡಾಲರ್ ಬರುತ್ತದೆಂದು ಹಾಕಿದ ಲೆಕ್ಕ ಅದು. ಎಲ್ಲರೂ ಬೆಳೆದು ದರ 3 ಡಾಲರಿಗೆ ಇಳಿದರೂ ತೆರಿಗೆಯ 1 ಡಾಲರ್ ಕದಲುವುದಿಲ್ಲ. ಮೂರರಲ್ಲೊಂದು ಪಾಲು ಅಲ್ಲಿಗೇ ಹೋಯಿತು. ಈರುಳ್ಳಿ ದರ ಬಿದ್ದಾಗಿನ ಸಂಕಟ ಬಲ್ಲ ಬಾಗಲಕೋಟೆ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಥಾಯ್ಲೆಂಡ್ 2022ರಲ್ಲಿ ಸಡಿಲ ಬಿಟ್ಟು, ಅಂಗಡಿಗಳು ಸಾಲುಗಟ್ಟಿದ ಮೇಲೆ 2025ರಲ್ಲಿ ವೈದ್ಯರ ಚೀಟಿ ಬೇಕೆಂದಿತು. ಬಂಡವಾಳ ಹಾಕಿದವರ ಗತಿ ಏನಾಗಿರಬೇಕು!

ಗಾಂಜಾದ ಜಾತಿಯದೇ ಆದರೂ ನಶೆ ಇಲ್ಲದ ಹೆಂಪ್ ಬೇರೆ ಮಾತು. ನಾರು, ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಎನ್ನುತ್ತದೆ 14ನೇ ಕಲಂ. ಉತ್ತರಾಖಂಡ 2018ರಲ್ಲಿ ಲೈಸೆನ್ಸ್ ಕೊಡಲು ಶುರುಮಾಡಿತು. ಅಲ್ಲಿ ನಶೆಯ ಅಂಶವಾದ ಟಿಎಚ್‌ಸಿ ಶೇ. 0.3 ದಾಟಬಾರದು. ಆದರೆ ಇಂಥ ಕಡಿಮೆ ಟಿಎಚ್‌ಸಿಯ ತಳಿಗಳ ಬೀಜ ನಮ್ಮಲ್ಲಿ ಒಗ್ಗುವುದು ಕಷ್ಟ. ಹಗಲು ಚಿಕ್ಕದಾದರೆ ಹೂ ಬಿಡುವ ಗಿಡ ಇದು. ಯುರೋಪಿನ ತಳಿಗಳು 15–16 ತಾಸಿನ ಹಗಲಿನಲ್ಲಿ ಎತ್ತರ ಬೆಳೆಯುತ್ತವೆ. ವಿಜಯಪುರದಲ್ಲಿ ಜೂನ್ ತಿಂಗಳಲ್ಲೂ ಹಗಲು 13 ತಾಸಿನ ಆಸುಪಾಸು. ಮೊಣಕಾಲೆತ್ತರಕ್ಕೇ ಹೂ ಬಿಟ್ಟರೆ ನಾರೆಲ್ಲಿ ಬರಬೇಕು? ಸಾಲದ್ದಕ್ಕೆ ಎರೆ ಭೂಮಿಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.

ಇವತ್ತು ಕಾಯ್ದೆಯೊಳಗೆ ಮಾಡಬಹುದಾದ ವ್ಯವಹಾರವೆಂದರೆ ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟು. 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇವನ್ನು ಆಹಾರವೆಂದು ಒಪ್ಪಿದೆ. ಟಿಎಚ್‌ಸಿ ಬೀಜದಲ್ಲಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಮೀರಬಾರದು. ತೊಂದರೆ ಬರುವುದು ಬೀಜದ ಒಳಗಿನಿಂದಲ್ಲ, ಹೂವಿನ ಅಂಟು ಬೀಜದ ಸಿಪ್ಪೆಗೆ ಮೆತ್ತಿಕೊಂಡು ಬರುವುದರಿಂದ. ಹಾಗಾಗಿ ಜರಡಿ ಹಿಡಿದು ಸ್ವಚ್ಛ ಮಾಡಿದ ಮಾಲನ್ನೇ ಕೇಳಿ. ಬಿಲ್ಲಿನ ಜೊತೆ ಬೆಳೆದವರ ಲೈಸೆನ್ಸ್ ಪ್ರತಿ, ಪ್ರತಿ ಲಾಟಿಗೂ ಲ್ಯಾಬ್ ವರದಿ ಇರಲಿ. ನಶೆ ಏರುತ್ತದೆ ಎಂದು ಅನ್ನಿಸುವ ಪದ, ಚಿತ್ರ ಲೇಬಲ್ ಮೇಲೆ ಬರಕೂಡದು.

ಒಳ್ಳೆಯ ಗಾಣದಲ್ಲಿ ಕ್ವಿಂಟಲ್ ಬೀಜಕ್ಕೆ ಸುಮಾರು 25 ಕಿಲೋ ಎಣ್ಣೆ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಅದು ಬೇಗ ಕಮಟು ಹಿಡಿಯುತ್ತದೆ. ಕಪ್ಪು ಬಾಟಲಿಯಲ್ಲಿ ತುಂಬಿ ತಂಪಿನಲ್ಲಿಡಬೇಕು. ಕರಿಯಲು ಆಗಿಬರುವುದಿಲ್ಲ.

ಈ ಎಣ್ಣೆಗೆ ಗಿರಾಕಿ ದುಡ್ಡು ಕೊಡುವುದು ಮುಖ್ಯವಾಗಿ ಒಮೆಗಾ-3ಗಾಗಿ. ಅದು ನಮ್ಮ ಅಗಸಿ ಎಣ್ಣೆಯಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚಿದೆ, ಬೆಳೆಯಲು ಯಾವ ಲೈಸೆನ್ಸೂ ಬೇಡ. ಗಾಣ ಹಾಕುವ ಮನಸ್ಸಿದ್ದವರು ಮೊದಲ ವರ್ಷ ಅಗಸಿಯನ್ನೇ ಹಾಕಿ ನೋಡಿ. ಬಾಟಲಿ, ಲೇಬಲ್, ಗಿರಾಕಿ ಎಲ್ಲ ಕುದುರಿದ ಮೇಲೆ ಅದೇ ಗಾಣಕ್ಕೆ ಹೆಂಪ್ ಬೀಜ ತರಿಸಬಹುದು.