ಕೆಂಪು ಕಣ್ಣು ಯಾರದು?

“ಹಾಗಾದರೆ ಇವರೂ ನಕಲು ಮಾಡಿದ್ದಾರಾ, ಮಾಮ?” ಎಂದು ಅಕ್ಕನ ಮಗ ಕೇಳಿದ ಪ್ರಶ್ನೆ ಕಳೆದ ಭಾನುವಾರದಿಂದ ನನ್ನ ಬೆನ್ನು ಬಿಟ್ಟಿಲ್ಲ. ಶಿವಮೊಗ್ಗದ ಅವರ ಮನೆಯಲ್ಲಿ ರಾತ್ರಿಯ ಊಟ ಮುಗಿಸಿ ‘ವಾಲ್-ಈ’ ಎಂಬ ಅನಿಮೇಷನ್ ಚಿತ್ರವನ್ನು ನೋಡುತ್ತಿದ್ದೆವು. ಕಸ ತುಂಬಿದ ಭೂಮಿಯನ್ನು ಬಿಟ್ಟ ಮನುಷ್ಯರನ್ನು ಹೊತ್ತ ಆಕ್ಸಿಯಮ್ ಎಂಬ ಬೃಹತ್ ನೌಕೆಯನ್ನು ನಡೆಸುವ, ಹಡಗಿನ ಚುಕ್ಕಾಣಿಯ ಆಕಾರದ ಆಟೋ ಎಂಬ ಯಂತ್ರ ತನ್ನ ಒಂಟಿ ಕೆಂಪು ಕಣ್ಣನ್ನು ತೋರಿದ ಕೂಡಲೇ ಅವನು ರಿಮೋಟ್ ಒತ್ತಿ ಚಿತ್ರವನ್ನು ನಿಲ್ಲಿಸಿ, “ಇದು ಹಾಲ್‌ನ ಕಣ್ಣು” ಎಂದ. ಹಾಲ್ ಎಂದರೆ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿ ನೌಕೆಯನ್ನು ನಡೆಸುವ ಗಣಕ. ಹನ್ನೆರಡು ವರ್ಷದ ಹುಡುಗ ಯಾರೂ ಹೇಳಿಕೊಡದೆ ಅದನ್ನು ಗುರುತಿಸಿದನಲ್ಲ ಎಂದು ನಾನು ಹಿಗ್ಗಿ ಹೌದೆಂದೆ. ಮರುಗಳಿಗೆಯೇ ಆ ಪ್ರಶ್ನೆ ಬಂತು. ಅದರಲ್ಲಿ ತುಂಟತನವಿರಲಿಲ್ಲ, ನೋವಿತ್ತು.

ನೋವಿಗೆ ಕಾರಣ ಊಟದ ಮೇಜಿನ ಮೇಲೆಯೇ ಇತ್ತು. ಶಾಲೆಯ ಕಥಾಸ್ಪರ್ಧೆಗೆ ಅವನು ಬರೆದುಕೊಟ್ಟಿದ್ದ ನಾಲ್ಕು ಹಾಳೆಗಳ ಕಥೆ ಶುಕ್ರವಾರ ಹಿಂದಕ್ಕೆ ಬಂದಿತ್ತು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ, “ಸ್ವಂತ ಕಥೆಯಲ್ಲ, ಸಿನಿಮಾದ ನಕಲು” ಎಂಬ ಷರಾ ಇತ್ತು. ಆ ಶಿಕ್ಷಕಿಯನ್ನು ನಾನು ಹಗುರವಾಗಿ ಕಾಣಲಾರೆ. ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಒಂದು ಮಾತನ್ನು ಏಳನೆಯ ತರಗತಿಯ ಕಥೆಯೊಂದರಲ್ಲಿ ಕಂಡುಹಿಡಿಯುವವರು ಚಿತ್ರವನ್ನು ಶ್ರದ್ಧೆಯಿಂದ ನೋಡಿರುತ್ತಾರೆ, ಹುಡುಗನ ಹಾಳೆಗಳನ್ನೂ ಅಷ್ಟೇ ಶ್ರದ್ಧೆಯಿಂದ ಓದಿರುತ್ತಾರೆ. ಆದರೆ ಅವರು ಗುರುತಿಸಿದಲ್ಲಿಗೇ ನಿಂತುಬಿಟ್ಟರು ಎಂಬುದು ನನ್ನ ತಕರಾರು. ಕಳೆದ ದಸರಾ ರಜೆಯಲ್ಲಿ ಅವನನ್ನು ಕೂರಿಸಿಕೊಂಡು ಆ ಚಿತ್ರ ತೋರಿಸಿದವನು ನಾನೇ ಆದ್ದರಿಂದ ಅವರ ಷರಾ ನನಗೂ ತಾಗಿತ್ತು.

ಕಥೆಯ ಹೆಸರು ‘ಅಜ್ಜನ ಮೋಟಾರು’. ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ತ್ರೀಫೇಸ್ ಕರೆಂಟು ಬರುವುದು ಹೆಚ್ಚಾಗಿ ರಾತ್ರಿ. ಅಪ್ಪ ವರ್ಷಗಟ್ಟಲೆ ಟಾರ್ಚು ಹಿಡಿದು ಎದ್ದುಹೋಗಿ ಬೋರಿನ ಮೋಟಾರು ಹಾಕುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ನಾವು ಆಟೋ ಸ್ಟಾರ್ಟರ್ ಹಾಕಿಸಿದೆವು. ಹುಡುಗನ ಕಥೆಯಲ್ಲಿ ಆ ಸ್ಟಾರ್ಟರಿನ ಡಬ್ಬಿಗೆ ಜೀವವಿದೆ, ಅದರ ಕೆಂಪು ದೀಪವೇ ಕಣ್ಣು. ಕರೆಂಟು ಇರುವವರೆಗೂ ನೀರೆತ್ತು ಎಂಬುದೊಂದೇ ಅದಕ್ಕೆ ಗೊತ್ತಿರುವ ಆಜ್ಞೆ. ಒಂದು ರಾತ್ರಿ ಬೋರು ಬತ್ತುತ್ತದೆ, ಮೋಟಾರು ಸುಡುವ ವಾಸನೆ ಬರುತ್ತದೆ, ಆದರೆ ಪಂಪ್‌ಹೌಸಿನ ಬಾಗಿಲನ್ನು ಒಳಗಿನಿಂದ ಹಾಕಿಕೊಂಡ ಯಂತ್ರ, “ಕ್ಷಮಿಸಿ ಅಜ್ಜ, ಬಾಗಿಲು ತೆಗೆಯಲು ಆಗುವುದಿಲ್ಲ” ಎನ್ನುತ್ತದೆ. ಶಿಕ್ಷಕಿ ಅಡಿಗೆರೆ ಎಳೆದದ್ದು ಈ ಮಾತಿಗೆ. ಕೊನೆಗೆ ಅಜ್ಜ ಮೊಣಕಾಲು ನೋವಿನಲ್ಲೇ ಹಂಚು ಸರಿಸಿ ಒಳಗಿಳಿದು, ಸ್ವಿಚ್ಚನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸುತ್ತಾನೆ.

ಪ್ರಶ್ನೆ ಕೇಳಿ ಹುಡುಗ ನನ್ನ ಮುಖ ನೋಡುತ್ತಿದ್ದ. ಟಿವಿಯಲ್ಲಿ ಕೆಂಪು ಕಣ್ಣು ನಮ್ಮಿಬ್ಬರನ್ನೂ ನೋಡುತ್ತಿತ್ತು. ನಾನು, “ಇದನ್ನು ನಕಲು ಎನ್ನುವುದಿಲ್ಲ, ಗೌರವಾರ್ಪಣೆ ಎನ್ನುತ್ತಾರೆ” ಎಂದೆ. “ದೊಡ್ಡವರು ಮಾಡಿದರೆ ಗೌರವಾರ್ಪಣೆನಾ?” ಎಂದ ಅವನು. ಅಡುಗೆಮನೆಯಿಂದ ಅಕ್ಕ, “ಸುಮ್ಮನೆ ಟೀಚರ್ ಹೇಳಿದ ಹಾಗೆ ಬೇರೆ ಕಥೆ ಬರೆದು ಕೊಡಪ್ಪ” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವನು ಚಿತ್ರವನ್ನು ಮುಂದುವರಿಸಿದ.

ಅಂದು ಹೇಳಲಾಗದೆ ಹೋದದ್ದನ್ನು ಈ ವಾರವೆಲ್ಲ ನನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದೇನೆ. ಆಂಡ್ರೂ ಸ್ಟ್ಯಾಂಟನ್ ನಿರ್ದೇಶಿಸಿದ ‘ವಾಲ್-ಈ’ ಸ್ಟ್ಯಾನ್ಲಿ ಕುಬ್ರಿಕ್‌ನ 1968ರ ‘2001’ರಿಂದ ತೆಗೆದುಕೊಂಡದ್ದು ಕಣ್ಣೊಂದನ್ನೇ ಆಗಿದ್ದರೆ ಹುಡುಗನ ಮಾತನ್ನು ಒಪ್ಪಬಹುದಿತ್ತು. ಆದರೆ ಆ ಕಣ್ಣಿನ ಹಿಂದಿದ್ದ ಅಪರಾಧವನ್ನೂ ಅವರು ತಂದಿದ್ದಾರೆ. ಹಾಲ್ ಎಂಬ ಗಣಕಕ್ಕೆ ಯಾನದ ನಿಜವಾದ ಉದ್ದೇಶ ಗೊತ್ತಿದೆ, ನೌಕೆಯಲ್ಲಿ ಎಚ್ಚರವಿರುವ ಇಬ್ಬರು ಮನುಷ್ಯರಿಗೆ ಗೊತ್ತಿಲ್ಲ. ಹಾಲ್‌ನ ಬುದ್ಧಿಯನ್ನು ಕಳಚಿದ ಮೇಲೆಯೇ, ಮೊದಲೇ ವಿಡಿಯೊದಲ್ಲಿ ಮುದ್ರಿಸಿಟ್ಟಿದ್ದ ಸಂದೇಶವೊಂದು ತಾನಾಗಿ ಮೂಡಿ ಗುಟ್ಟು ಬಯಲಾಗುತ್ತದೆ. ‘ವಾಲ್-ಈ’ಯಲ್ಲೂ ಭೂಮಿಗೆ ಹಿಂದಿರುಗಬೇಡ ಎಂಬ ಎ113 ಎಂಬ ರಹಸ್ಯ ಆಜ್ಞೆಯನ್ನು ಆಟೋ ನೌಕೆಯ ನಾಯಕನಿಂದ ಮುಚ್ಚಿಟ್ಟಿದೆ, ಅದೂ ಶತಮಾನಗಳ ಹಿಂದೆ ಮುದ್ರಿಸಿಟ್ಟ ಸಂದೇಶದಿಂದಲೇ ಹೊರಬೀಳುತ್ತದೆ. ಎರಡರಲ್ಲೂ ಯಂತ್ರ ಕೆಟ್ಟಿಲ್ಲ. ಮನುಷ್ಯರನ್ನು ಕತ್ತಲಲ್ಲಿಡು ಎಂದು ಮನುಷ್ಯರೇ ಕೊಟ್ಟ ಆಜ್ಞೆಯನ್ನು ಅದು ಚಾಚೂ ತಪ್ಪದೆ ಪಾಲಿಸುತ್ತಿದೆ. ಆಕ್ಸಿಯಮ್‌ನ ಗಣಕಕ್ಕೆ ದನಿ ಕೊಟ್ಟಿರುವ ಸಿಗೋರ್ನಿ ವೀವರ್ 1979ರ ‘ಏಲಿಯನ್’ ಚಿತ್ರದ ನಾಯಕಿ. ಆ ಚಿತ್ರದ ನೌಕೆಯ ಗಣಕದ ಹೆಸರು ‘ಮದರ್’, ಸಿಬ್ಬಂದಿ ಸತ್ತರೂ ಪರವಾಗಿಲ್ಲ ಎಂಬ ಗುಪ್ತ ಆಜ್ಞೆ ಅದರೊಳಗೂ ಅಡಗಿತ್ತು. ಆ ದನಿಯನ್ನು ಗುರುತಿಸಿದವನಿಗೆ ಚಿತ್ರ ಒಂದು ಮಾತೂ ಹೆಚ್ಚಿಗೆ ಆಡದೆ ಎಚ್ಚರಿಕೆ ಕೊಟ್ಟಂತಾಗುತ್ತದೆ.

ತೆಗೆದುಕೊಂಡದ್ದನ್ನು ಮಗುಚಿ ಹಾಕಿರುವ ಒಂದು ಜಾಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹಾಲ್ ಸಾಯುವುದು ನೆನಪು ಕಳಚಿಕೊಂಡು. ಗಗನಯಾತ್ರಿ ಬೋಮನ್ ಒಂದೊಂದೇ ಫಲಕವನ್ನು ಹೊರತೆಗೆಯುತ್ತ ಹೋದಂತೆ ಅದು ಭಯವಾಗುತ್ತಿದೆ ಎನ್ನುತ್ತದೆ, ಕೊನೆಗೆ ತಾನು ಹುಟ್ಟಿದ ಹೊಸತರಲ್ಲಿ ಕಲಿತ ‘ಡೇಸಿ ಬೆಲ್’ ಹಾಡನ್ನು ಎಳೆದೆಳೆದು ಹಾಡಿ ನಿಲ್ಲುತ್ತದೆ. ಆ ಹಾಡು ಕೂಡ ಒಂದು ನೆನಪೇ: 1961ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಐಬಿಎಂ ಗಣಕವೊಂದಕ್ಕೆ ಈ ಹಾಡು ಕಲಿಸಿದ್ದರು, ಅದನ್ನು ಕೇಳಿದ್ದ, ಕುಬ್ರಿಕ್ ಜೊತೆಗೂಡಿ ‘2001’ ಬರೆದ ಆರ್ಥರ್ ಕ್ಲಾರ್ಕ್ ಚಿತ್ರಕಥೆಯೊಳಕ್ಕೆ ತಂದರು. ಭೂಮಿಯಲ್ಲಿ ಕಸ ಒತ್ತುವ ಪುಟ್ಟ ಯಂತ್ರ ವಾಲ್-ಈಗೂ ಕೊನೆಯಲ್ಲಿ ನೆನಪು ಅಳಿಸಿಹೋಗುತ್ತದೆ. ಬಿಡಿಭಾಗಗಳನ್ನೆಲ್ಲ ಹೊಸದಾಗಿ ಜೋಡಿಸಿದ ಮೇಲೆ ಅದು ಯಾರನ್ನೂ ಗುರುತಿಸದೆ, ಕಸ ಒತ್ತುವ ಬರಿಯ ಯಂತ್ರವಾಗಿ ಎದ್ದು ನಿಲ್ಲುತ್ತದೆ. ಅದು ಪ್ರೀತಿಸುವ ಇನ್ನೊಂದು ಯಂತ್ರ ಈವ್ ಅದರ ಕೈ ಹಿಡಿದು ಹಾಡನ್ನು ಗುನುಗಿದ ಮೇಲೆ ಬೆರಳುಗಳು ಮೆಲ್ಲಗೆ ಹೆಣೆದುಕೊಳ್ಳುತ್ತವೆ, ನೆನಪು ಮರಳುತ್ತದೆ. ಹಾಡಿನೊಂದಿಗೆ ಸತ್ತ ಯಂತ್ರದ ಎದುರಿಗೆ ಹಾಡಿನೊಂದಿಗೆ ಬದುಕಿ ಬಂದ ಯಂತ್ರವನ್ನು ಇಟ್ಟಿರುವುದು ನನಗೆ ನಲವತ್ತು ವರ್ಷ ತಡವಾಗಿ ಬರೆದ ಓಲೆಯಂತೆ ಕಾಣುತ್ತದೆ. ಶ್ರೀಲಂಕೆಯಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಬಾಳಿದ ಕ್ಲಾರ್ಕ್ ಕೊಲಂಬೊದಲ್ಲಿ ತೀರಿಕೊಂಡದ್ದು 2008ರ ಮಾರ್ಚ್ 19ರಂದು. ಈ ಚಿತ್ರ ಅಮೆರಿಕದಲ್ಲಿ ತೆರೆ ಕಂಡದ್ದು ಅದೇ ವರ್ಷದ ಜೂನ್ 27ರಂದು. ಆ ಮೂರು ತಿಂಗಳ ಅಂತರ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಉಳಿದ ಋಣಗಳೂ ಇವೆ. ಬೂಟಿನೊಳಗಿನ ಒಂದೇ ಒಂದು ಗಿಡವನ್ನು ಕಾಯುವ ಯಂತ್ರವನ್ನು ಕಂಡಾಗ 1972ರ ‘ಸೈಲೆಂಟ್ ರನ್ನಿಂಗ್’ ನೆನಪಾಗದೆ ಇರದು; ಭೂಮಿಯ ಕೊನೆಯ ಕಾಡುಗಳನ್ನು ಗಾಜಿನ ಗುಮ್ಮಟಗಳಲ್ಲಿ ಹೊತ್ತ ನೌಕೆಯೂ, ಕಡೆಗೆ ಒಂಟಿಯಾಗಿ ಗಿಡಗಳಿಗೆ ನೀರು ಹಾಕುವ ಪುಟ್ಟ ಯಂತ್ರವೂ ಅದರಲ್ಲಿವೆ. ಆ ಚಿತ್ರದ ನಿರ್ದೇಶಕ ಡಗ್ಲಸ್ ಟ್ರಂಬುಲ್ ‘2001’ರ ದೃಶ್ಯತಂತ್ರಗಳನ್ನು ರೂಪಿಸಿದವರಲ್ಲಿ ಒಬ್ಬರು. ವಾಲ್-ಈಯ ದನಿಯನ್ನು ಕಟ್ಟಿದ ಬೆನ್ ಬರ್ಟ್ 1977ರ ‘ಸ್ಟಾರ್ ವಾರ್ಸ್’ನಲ್ಲಿ ಆರ್2-ಡಿ2 ಎಂಬ ಪುಟ್ಟ ಯಂತ್ರಕ್ಕೆ ದನಿ ಕೊಟ್ಟವರು.

ಋಣವೆನ್ನಲಾಗದ ಹೋಲಿಕೆಗಳು ನನ್ನನ್ನು ಇನ್ನಷ್ಟು ಕಾಡುತ್ತವೆ. ಇ. ಎಂ. ಫಾರ್ಸ್ಟರ್ 1909ರಲ್ಲಿ ‘ದಿ ಮೆಷಿನ್ ಸ್ಟಾಪ್ಸ್’ ಎಂಬ ಕಥೆ ಬರೆದರು. ಅದರಲ್ಲಿ ಮನುಷ್ಯರು ನೆಲದಡಿಯ ಗೂಡುಗಳಲ್ಲಿ, ಯಂತ್ರ ನಡೆಸುವ ಆರಾಮಕುರ್ಚಿಗಳಲ್ಲಿ, ಮೈ ಮೆತ್ತಗಾಗಿ ಕುಳಿತು, ಕೈಯಲ್ಲಿ ಹಿಡಿಯುವ ಹೊಳೆಯುವ ತಟ್ಟೆಯೊಂದರಲ್ಲಿ ಒಬ್ಬರನ್ನೊಬ್ಬರು ನೋಡಿ ಮಾತಾಡುತ್ತಾರೆ. ಮುಟ್ಟುವುದೆಂದರೆ ಅವರಿಗೆ ಅಸಹ್ಯ. ಆಕ್ಸಿಯಮ್‌ನ ಜನ ತೇಲುವ ಕುರ್ಚಿಗಳಲ್ಲಿ ಒರಗಿ, ಪಕ್ಕದಲ್ಲೇ ಇರುವವರೊಂದಿಗೂ ಪರದೆಯ ಮೂಲಕ ಮಾತಾಡುವುದನ್ನು ಕಂಡಾಗ ಆ ಕಥೆ ಓದಿದವರಿಗೆ ಮೈ ಜುಮ್ಮೆನ್ನುತ್ತದೆ. ‘ರೋಬೋ’ ಎಂಬ ಮಾತನ್ನು ಜಗತ್ತಿಗೆ ಕೊಟ್ಟ ಕಾರೆಲ್ ಚಾಪೆಕ್‌ನ 1920ರ ‘ಆರ್.ಯು.ಆರ್.’ ನಾಟಕದ ಕೊನೆಯಲ್ಲೂ, ಮನುಷ್ಯಕುಲ ಅಳಿಯುತ್ತಿರುವಾಗ, ಎರಡು ರೋಬೋಗಳು ಪರಸ್ಪರರಿಗಾಗಿ ಪ್ರಾಣ ಕೊಡಲು ಮುಂದಾಗುತ್ತವೆ. ಉಳಿದ ಒಬ್ಬನೇ ಮುದುಕ ಅವುಗಳನ್ನು ಆದಮ್ ಮತ್ತು ಈವ್ ಎಂದು ಕರೆದು ಹರಸಿ ಕಳುಹಿಸುತ್ತಾನೆ. ಕಸದ ಭೂಮಿಗೆ ಹಸಿರು ಹುಡುಕಿ ಇಳಿದುಬಂದ ಬಿಳಿಯ ಯಂತ್ರದ ಹೆಸರೂ ಈವ್. ಬೈಬಲ್ಲಿನ ಅದೇ ಹೆಸರಿನ ಕಡೆಗೆ ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ನಡೆದರು ಎಂದುಕೊಂಡರೆ ನನಗೆ ಬೆರಗು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಒಂದೇ ಭಯ ಕಾಡಿದ ಜನಕ್ಕೆ ಒಂದೇ ಚಿತ್ರ ಕಾಣಿಸುವುದುಂಟು.

ವ್ಯಾಸರ ವಚನಾಮೃತದ ಕಡಲನ್ನು ಈಜುತ್ತೇನೆ, ಆದರೆ ಕವಿವ್ಯಾಸನೆಂಬ ಗರ್ವ ನನಗಿಲ್ಲ ಎಂದು ಪಂಪ ಹೇಳಿಕೊಂಡ ಭಾಷೆಯವರು ನಾವು. ಮೊದಲು ಈಜಿದವನ ಹೆಸರು ಹೇಳಿ ನೀರಿಗಿಳಿಯುವುದು ನಮ್ಮಲ್ಲಿ ಸಾವಿರ ವರ್ಷದ ರೂಢಿ. ಹೀಗಿದ್ದೂ, ತಾನು ನೋಡಿದ್ದನ್ನು ತನ್ನ ತೋಟಕ್ಕೆ ತಂದು ನೆಟ್ಟ ಹುಡುಗನಿಗೆ ಯಾವುದು ಎಲ್ಲಿಯದು ಎಂದು ಕೇಳುವ ಮೊದಲೇ ಷರಾ ಬರೆದು ಮುಗಿಸುತ್ತೇವೆ. ಯಾರದೋ ಕಥೆಯನ್ನು ಅಕ್ಷರಶಃ ಇಳಿಸಿ ತನ್ನ ಹೆಸರು ಹಾಕಿದವನಿಗೂ ಅವನಿಗೂ ವ್ಯತ್ಯಾಸವನ್ನೇ ಕಾಣದೆ ಹೋದರೆ ಮಕ್ಕಳು ಮುಂದೆ ನೋಡಿದ್ದನ್ನು ಬಚ್ಚಿಡುವುದನ್ನು ಕಲಿಯುತ್ತಾರೆ. ಈ ಮಾತನ್ನು ಆ ಶಿಕ್ಷಕಿಗೆ ಎದುರಿಗೇ ಹೇಳಬೇಕೆಂದಿದ್ದೇನೆ. ಅವರು ಕೇಳಿಸಿಕೊಳ್ಳುವವರು ಎಂಬ ನಂಬಿಕೆ ನನಗಿದೆ.

ಹುಡುಗನ ಪ್ರಶ್ನೆಗೆ ನಿಜವಾದ ಉತ್ತರ ಆ ಚಿತ್ರದ ಆರಂಭದಲ್ಲೇ ಇತ್ತು, ನಾನು ನೋಡಿಯೂ ನೋಡಿರಲಿಲ್ಲ. ಏಳು ನೂರು ವರ್ಷಗಳಿಂದ ಕಸ ಗುಡ್ಡೆ ಹಾಕುತ್ತಿರುವ ವಾಲ್-ಈ ಸಂಜೆ ಮನೆಗೆ ಬಂದು ಹಳೆಯ ಕ್ಯಾಸೆಟ್ಟೊಂದನ್ನು ಹಾಕಿ 1969ರ ‘ಹಲೋ, ಡಾಲಿ!’ ಚಿತ್ರ ನೋಡುತ್ತದೆ. ಪರದೆಯಲ್ಲಿ ಇಬ್ಬರು ಹಾಡುತ್ತ ಕೈ ಹಿಡಿದುಕೊಂಡದ್ದನ್ನು ಕಂಡು ತನ್ನ ಎರಡು ಲೋಹದ ಕೈಗಳನ್ನು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಅದಕ್ಕೆ ಪ್ರೀತಿ ಗೊತ್ತಾದದ್ದು ಹಳೆಯ ಸಿನಿಮಾವೊಂದನ್ನು ನೋಡಿ, ಅದರಂತೆ ಮಾಡಿ. ಕೊನೆಯಲ್ಲಿ ಅದನ್ನು ಬದುಕಿಸುವುದೂ ಅದೇ ಕೈ, ಅದೇ ಹಾಡು. ಹಳೆಯ ಚಿತ್ರಗಳನ್ನು ಇಷ್ಟು ಪ್ರೀತಿಯಿಂದ ನೆನೆಯುವ ಚಿತ್ರದ ನಾಯಕನೇ ಹಳೆಯ ಚಿತ್ರವೊಂದನ್ನು ಜೋಪಾನವಾಗಿಟ್ಟುಕೊಂಡವನು.

ಅಂದು ರಾತ್ರಿ ಚಿತ್ರ ಮುಗಿಯುವ ಹೊತ್ತಿಗೆ ನಡೆದುದನ್ನು ಇನ್ನೂ ಹೇಳಿಲ್ಲ. ತಲೆಮಾರುಗಳಿಂದ ಯಾರೂ ನಡೆಯದ ಆ ನೌಕೆಯಲ್ಲಿ, ಮೂಳೆ ಸವೆದ ಸ್ಥೂಲದೇಹದ ನಾಯಕ ಆಟೋ ಯಂತ್ರದೊಂದಿಗೆ ಸೆಣಸುತ್ತ ತನ್ನ ಕಾಲ ಮೇಲೆ ತಾನು ಎದ್ದು ನಿಲ್ಲುತ್ತಾನೆ. ಆಗ ಮೊಳಗುವುದು ರಿಚರ್ಡ್ ಸ್ಟ್ರಾಸ್‌ನ ‘ಜರತುಷ್ಟ್ರ’ ಎಂಬ ಸಂಗೀತಕೃತಿ. ‘2001’ರಲ್ಲಿ ವಾನರನ ಕೈಯ ಮೂಳೆ ಮೊದಲ ಆಯುಧವಾದಾಗ ಮೊಳಗಿದ್ದು. ಕೊಲ್ಲಲು ಕಲಿತ ಗಳಿಗೆಯ ಸಂಗೀತವನ್ನು ತಂದು ಒಬ್ಬ ಮನುಷ್ಯ ನಾಲ್ಕು ಹೆಜ್ಜೆ ನಡೆದ ಗಳಿಗೆಗೆ ಕೊಟ್ಟಿದ್ದಾರೆ. ನಾನು ಇದನ್ನು ಹುಡುಗನಿಗೆ ಹೇಳಬೇಕೆಂದು ತಿರುಗುವಷ್ಟರಲ್ಲಿ ನಾಯಕ ಕೈಚಾಚಿ ಯಂತ್ರದ ಸ್ವಿಚ್ಚನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿದ, ಕೆಂಪು ಕಣ್ಣು ಆರಿತು.

ಹುಡುಗ ಈ ಸಲ ರಿಮೋಟ್ ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ನಾನು ಇದನ್ನು ನೋಡುವ ಮೊದಲೇ ಬರೆದಿದ್ದೆ ಅಲ್ವಾ, ಮಾಮ?” ಎಂದ.

“ಹೌದು, ನೀನು ಮೊದಲೇ ಬರೆದಿದ್ದೆ” ಎಂದೆ. ಗುಹೆಯ ಗೋಡೆಯ ಚಿತ್ರಗಳಿಂದ ವ್ಯಾನ್ ಗೋನ ಬಣ್ಣಗಳವರೆಗೆ ಶೈಲಿಯ ಮೇಲೆ ಶೈಲಿ ಬದಲಿಸುತ್ತ ಮೂಡುವ ಕೊನೆಯ ಹೆಸರುಗಳು ಮುಗಿಯುವವರೆಗೂ ಅವನು ಏಳಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಅಕ್ಕ ಆ ಹಾಳೆಗಳನ್ನು ತಂದು ತೋರಿಸಿದಳು. ಹುಡುಗ ಬೇರೆ ಕಥೆ ಬರೆದಿರಲಿಲ್ಲ. ಕೆಂಪು ಶಾಯಿಯ ಷರಾದ ಕೆಳಗೆ ಪೆನ್ಸಿಲಿನಲ್ಲಿ ಮೂರು ಸಾಲು ಸೇರಿಸಿದ್ದ: “ಬಾಗಿಲು ತೆಗೆಯುವುದಿಲ್ಲ ಎನ್ನುವ ಮಾತು ಹಾಲ್‌ನದು. ಕೆಂಪು ಕಣ್ಣು ನಮ್ಮ ತೋಟದ ಸ್ಟಾರ್ಟರಿನದು. ಸ್ವಿಚ್ ತಿರುಗಿಸಿದ್ದು ಅಜ್ಜ.” ಅಕ್ಕ ಅದನ್ನು ಮತ್ತೊಮ್ಮೆ ಓದಿ, ಮಡಿಸಿ, ಅವನ ಬ್ಯಾಗಿನಲ್ಲಿಟ್ಟಳು. ಶಾಲೆಯಿಂದ ಇನ್ನೂ ಏನೂ ಹೇಳಿ ಕಳುಹಿಸಿಲ್ಲ.