ಎದುರುಮನೆಯ ಅರಸಿನ ಎಲೆ

"ಅಮ್ಮಾ, ಇಲ್ಲಿ ಹಾವೇ ಇಲ್ಲ ಅಲ್ವಾ? ಮತ್ತೆ ನಾವು ಹಾಲು ಯಾರಿಗೆ ಎರೆಯೂದು?"

ಪಂಚಮಿಗೆ ಇನ್ನು ಮೂರು ದಿನ ಇತ್ತು. ಹಲ್ಲುಜ್ಜುತ್ತ, ಬಾಯಿತುಂಬ ನೊರೆ ಇಟ್ಟುಕೊಂಡೇ ಮಗಳು ಕೇಳಿದಳು. ಏಳು ವರ್ಷದವಳು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಐರ್ಲೆಂಡಿನ ಕಾಡು ಗದ್ದೆಗಳಲ್ಲಿ ಎಲ್ಲಿ ಹುಡುಕಿದರೂ ಹಾವು ಸಿಗದು. ಸಂತ ಪ್ಯಾಟ್ರಿಕ್ ಎಲ್ಲವನ್ನೂ ಸಮುದ್ರಕ್ಕೆ ಅಟ್ಟಿಬಿಟ್ಟ ಎಂದು ಇಲ್ಲಿಯ ಅಜ್ಜಿಕಥೆ. ಹಿಮಯುಗ ಮುಗಿದು ಹಾವುಗಳು ಇತ್ತ ತೆವಳಿ ಬರುವಷ್ಟರಲ್ಲಿ ಸಮುದ್ರ ಏರಿ ದಾರಿ ಮುಚ್ಚಿತ್ತು ಎಂದು ವಿಜ್ಞಾನಿಗಳು. ಶಾಲೆಯಲ್ಲಿ ಎರಡನ್ನೂ ಹೇಳಿದ್ದಾರೆ, ಇವಳು ಎರಡನ್ನೂ ನಂಬಿದ್ದಾಳೆ.

"ಊರಿನ ನಾಗನಿಗೆ" ಅಂದೆ.

"ಅಲ್ಲಿ ಅಮ್ಮಮ್ಮ ಎರೀತಾರಲ್ಲ?"

"ಹೌದು."

"ಮತ್ತೆ ನಾವು ಎಂತಕ್ಕೆ?"

ಬಾಯಿ ಮುಕ್ಕಳಿಸು, ತಡ ಆಯ್ತು ಅಂದೆ. ಶನಿವಾರ, ಅದೂ ಬೇಸಿಗೆ ರಜೆ. ತಡವಾಗುವಂಥದ್ದು ಏನೂ ಇರಲಿಲ್ಲ.

ನನ್ನ ತಲೆಯಲ್ಲಿ ಆಗ ಇದ್ದದ್ದು ಹಾವಲ್ಲ, ಎಲೆ. ಅರಸಿನ ಎಲೆ ಇಲ್ಲದೆ ನಾಗರಪಂಚಮಿ ಎಂತದ್ದು? ಹೋದ ವರ್ಷ ಬಾಳೆಲೆಯಲ್ಲಿ ಕಡುಬು ಕಟ್ಟಿ, ಪರಿಮಳಕ್ಕಿರಲಿ ಎಂದು ಹಿಟ್ಟಿಗೆ ಚಿಟಿಕೆ ಅರಸಿನಪುಡಿ ಹಾಕಿದ್ದೆ. ಹಳದಿ ಬಣ್ಣ ಬಂತು, ಗಂಟಲುನೋವಿಗೆ ಕುಡಿಯುವ ಹಾಲಿನ ರುಚಿ ಬಂತು. ಇವರು ಪಾಪ ಎರಡು ತಿಂದು "ಪರವಾಗಿಲ್ಲ" ಅಂದರು. ಮದುವೆಯಾಗಿ ಹನ್ನೊಂದು ವರ್ಷ, ಆ "ಪರವಾಗಿಲ್ಲ"ದ ಅರ್ಥ ನನಗೆ ಗೊತ್ತಿದೆ.

ಉಳಿದದ್ದಕ್ಕೆ ಇಲ್ಲಿ ಬರವಿಲ್ಲ. ನಮ್ಮ ಸಾಂಬಾರ ಡಬ್ಬಿಗಳ ಹಿಂದಿನ ಚೀಟಿ ಓದಿ, ಗೋಳದಲ್ಲಿ ಆ ದೇಶ ಹುಡುಕುವುದು ಮಗಳಿಗೊಂದು ಆಟ. ಏಲಕ್ಕಿ ಗ್ವಾಟೆಮಾಲಾದ್ದು. ಲವಂಗ ಮಡಗಾಸ್ಕರಿನದು, ದಾಲ್ಚಿನ್ನಿ ಶ್ರೀಲಂಕಾದ್ದು, ಜಾಯಿಕಾಯಿ ಇಂಡೋನೇಷ್ಯಾದ್ದು. ಊರಿಂದ ತಂದ ಬ್ಯಾಡಗಿ ಮುಗಿದ ಮೇಲೆ ಅನಾನಸಿನ ಗೊಜ್ಜು ಮೆಣಸ್ಕಾಯಿಯ ಬಣ್ಣಕ್ಕೆ ಸ್ಪೇನಿನ ಪಾಪ್ರಿಕಾ. ಅದನ್ನು ಹೊಗೆಯಲ್ಲಿ ಒಣಗಿಸಿರುತ್ತಾರೆ, ಅರ್ಧ ಚಮಚ ಮೀರಿದರೆ ಅನಾನಸಿಗೆ ಹೊಗೆ ಹಿಡಿದ ಹಾಗಾಗುತ್ತದೆ. ಒಳ್ಳೆಮೆಣಸು ವಿಯೆಟ್ನಾಮಿನದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದವರು. ಆ ಪುಣ್ಯಾತ್ಗಿತ್ತಿ ಬಂದು ಈ ಡಬ್ಬಿ ತಿರುಗಿಸಿ ನೋಡಿದರೆ ಏನು ಹೇಳುತ್ತಿದ್ದಳೋ! ಒಣಗಿದ್ದೆಲ್ಲ ಅಂದಿನಿಂದಲೂ ಹಡಗು ಹತ್ತಿ ಸಮುದ್ರ ದಾಟುತ್ತಲೇ ಇದೆ. ಹಸಿ ಎಲೆ ದಾಟುವುದಿಲ್ಲ.

ಆದರೂ ಅವತ್ತು ಡಬ್ಲಿನ್ನಿನ ಮೂರ್ ಸ್ಟ್ರೀಟಿಗೆ ಹೋದೆವು. ಹಣ್ಣಿನ ಗಾಡಿಗಳ ಹೆಂಗಸರು ಕೂಗುವ ಆ ಹಳೆಯ ಬೀದಿಯಲ್ಲಿ ಆಫ್ರಿಕಾದವರ, ಚೀನಾದವರ, ನಮ್ಮವರ ಅಂಗಡಿಗಳೆಲ್ಲ ಒತ್ತೊತ್ತಾಗಿವೆ. ಒಬ್ಬ ಪಲಾವ್ ಎಲೆ ಕೊಟ್ಟ. ಇನ್ನೊಬ್ಬ ಫ್ರೀಜರಿನ ತಳದಿಂದ ಥಾಯ್ಲೆಂಡಿನ ಬಾಳೆಲೆ ಎಳೆದ. ಮೂರನೆಯ ಅಂಗಡಿಯಾಕೆ "ಅರಸಿನಕ್ಕೆ ಎಲೆಯೂ ಇರುತ್ತದಾ?" ಎಂದು ನನ್ನನ್ನೇ ಕೇಳಿ, ಪಂಡನ್ ಎಲೆಯ ಕಟ್ಟು ಕೈಗಿಟ್ಟಳು. ಅದು ನಮ್ಮ ಕೇದಿಗೆಯ ಜಾತಿಯದೇ. ನಾಗನಿಗೆ ಕೇದಿಗೆ ಬೇಕಲ್ಲ, ಹೂವಿಲ್ಲದಿದ್ದರೆ ನೆಂಟರ ಎಲೆಯಾದರೂ ಆಯಿತು ಎಂದು ತಂದೆ.

ಬಂದವಳೇ ಮಗಳು ಎದುರುಮನೆಗೆ ಓಡಿದಳು. ಅಲ್ಲಿ ಬೆಕ್ಕಿದೆ. ಆ ಮನೆಯವರು ಮಲೇಷ್ಯಾದವರು, ಆಸ್ಪತ್ರೆಯಲ್ಲಿ ನರ್ಸ್, ಹೆಚ್ಚಾಗಿ ರಾತ್ರಿಪಾಳಿ. ಮಗಳು ಅವರನ್ನು ಕರೆಯುವುದು "ಕಾಕ್" ಎಂದು. ಅವರ ಭಾಷೆಯಲ್ಲಿ ಅಕ್ಕ. ಊರಿನಲ್ಲಿ ಹಾಗೆ ಕೂಗಿದರೆ ತಿಥಿಯ ಎಡೆ ಇಟ್ಟು ಕಾಗೆ ಕರೆಯುತ್ತಿದ್ದಾಳೆ ಎಂದುಕೊಂಡಾರು. ಮೂರು ವರ್ಷದಿಂದ ಎದುರುಬದುರು ಇದ್ದರೂ ನಮ್ಮ ಮಾತು ಕಸದ ಡಬ್ಬಿ ಹೊರಗಿಡುವ ದಿನ ಯಾವುದು ಎನ್ನುವುದನ್ನು ದಾಟಿದ್ದು ಕಮ್ಮಿ.

ಸೋಮವಾರ ಸಂಜೆ ಕಾಕ್ ಬಾಗಿಲು ತಟ್ಟಿದರು. "ನಿಮಗೆ ದಾವುನ್ ಕುಞಿತ್ ಬೇಕಂತೆ? ಮಗು ಹೇಳಿತು, ಅಮ್ಮನಿಗೆ ಹಳದಿಯ ಎಲೆ ಸಿಗಲಿಲ್ಲ ಅಂತ. ಬನ್ನಿ."

ಅವರ ಅಡುಗೆಮನೆಯ ಹಿಂಬದಿ ಗಾಜಿನ ಬಾಗಿಲು. ಅದರ ಪಕ್ಕ, ಪೈಂಟಿನ ಹಳೆಯ ಬಕೆಟಿನಲ್ಲಿ, ಅರಸಿನ ಗಿಡ. ಮೂರು ದಂಟು. ನಾನು ನಿಂತಲ್ಲೇ ಎಣಿಸಿದೆ, ಒಟ್ಟು ಎಂಟು ಎಲೆ, ಒಂದರ ತುದಿ ಸುಟ್ಟಿತ್ತು. ಫೆಬ್ರವರಿಯಲ್ಲಿ ಅಂಗಡಿಯಿಂದ ತಂದ ಹಸಿ ಅರಸಿನ ಕೊಂಬೊಂದನ್ನು ಬಿಸಿನೀರಿನ ಬಾಯ್ಲರ್ ಮೇಲಿಟ್ಟು ಮೊಳಕೆ ಬರಿಸಿದ್ದಂತೆ. ಅವರ ಊರು ನೆಗೆರಿ ಸೆಂಬಿಲಾನ್. ಅಲ್ಲಿ ರೆಂದಾಂಗ್ ಮಾಡುವಾಗ ಈ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಬೇಕು, ಇಲ್ಲದಿದ್ದರೆ ಅದು ರೆಂದಾಂಗೇ ಅಲ್ಲ ಎಂದರು. ರೆಂದಾಂಗ್ ಎಂದರೆ ಹೆಚ್ಚಾಗಿ ದನದ ಮಾಂಸದ ಅಡುಗೆ. ಕತ್ತರಿ ಸಿಂಕಿನ ಪಕ್ಕದಲ್ಲಿತ್ತು. ನನ್ನ ಕಣ್ಣು ಅಲ್ಲಿಗೆ ಹೋಯಿತು. ಹೋಗಬಾರದಿತ್ತು, ಹೋಯಿತು.

"ಪೂಜೆಗಾ?" ಎಂದರು. ಹೌದೆಂದೆ. ಕಾಕ್ ಕತ್ತರಿ ಎತ್ತಿಕೊಂಡು ಸೋಪು ಹಾಕಿ ತೊಳೆದರು, ಬಿಸಿನೀರು ಬಿಟ್ಟು ಇನ್ನೊಮ್ಮೆ ತೊಳೆದರು, ಒಗೆದ ಬಟ್ಟೆಗಳ ನಡುವಿನಿಂದ ಮಡಿಸಿದ ಟವೆಲ್ ತೆಗೆದು ಒರೆಸಿದರು. ನಾನು ಒಂದು ಮಾತೂ ಆಡಿರಲಿಲ್ಲ. ಆಮೇಲೆ ಒಂದೊಂದೇ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, ಬುಡದಿಂದ ಕೊಯ್ದು, ಐದು ಎಲೆ ನನ್ನ ಕೈಯಲ್ಲಿಟ್ಟರು. ಸಾಕು ಸಾಕು ಎಂದರೂ ಕೇಳಲಿಲ್ಲ. ಸುಳಿಯನ್ನು ಮಾತ್ರ ಮುಟ್ಟಲಿಲ್ಲ.

ಸುಳಿಗೆ ಕೈ ಹಾಕಬಾರದು ಎಂದು ಹೇಳಿಸಿಕೊಂಡವಳು ನಾನು. ಕುಂದಾಪುರದ ಹತ್ತಿರದ ನಮ್ಮ ಮನೆಯಲ್ಲಿ, ಬಚ್ಚಲ ನೀರು ಹರಿಯುವ ಕಡೆ ಅರಸಿನದ ಸಾಲು ಇತ್ತು. ಆಸಾಡಿ ಮಳೆಯಲ್ಲಿ ಗಿಡ ನನ್ನ ಎದೆಮಟ್ಟ. ಪಂಚಮಿಯ ಬೆಳಿಗ್ಗೆ ಎಲೆ ಕೊಯ್ಯುವ ಕೆಲಸ ನನ್ನದು. ಅಮ್ಮ ಒಳಗೆ ಅಕ್ಕಿ ರುಬ್ಬುತ್ತ "ಸುಳಿ ಮುಟ್ಬೇಡ ಹೆಣೆ" ಎಂದು ಕೂಗುವುದು ಮಳೆಯ ಸದ್ದಿನಲ್ಲೂ ಕೇಳುತ್ತಿತ್ತು. ಇಷ್ಟೆಲ್ಲ ಮಾಡಿ ನಾನು ಕಡುಬು ತಿನ್ನುತ್ತಿದ್ದೆನಾ? ಇಲ್ಲ. ಒಳಗಿನ ಕಾಯಿಬೆಲ್ಲ ಮಾತ್ರ ಹೆರೆದು ತಿಂದು ಹೊರಗಿನದನ್ನು ತಟ್ಟೆಯಂಚಿಗೆ ತಳ್ಳುತ್ತಿದ್ದೆ. ಹೈಸ್ಕೂಲಿಗೆ ಬಂದ ಮೇಲೆ "ಔಷಧಿ ವಾಸನೆ, ನನಗೆ ಬೇಡ" ಎಂದು ನೆಂಟರ ಎದುರಿಗೇ ಹೇಳಿದೆ. ಮರುವರ್ಷದಿಂದ ಅಮ್ಮ ನನಗೆಂದೇ ಎರಡು ಕಡುಬು ಬಾಳೆಲೆಯಲ್ಲಿ ಬೇರೆ ಕಟ್ಟಿದಳು. ಮದುವೆಯಾಗುವ ತನಕವೂ. ಹೋದ ವರ್ಷ ನಾನು ಇಲ್ಲಿ ಮಾಡಿಕೊಂಡದ್ದು ಹೆಚ್ಚುಕಡಿಮೆ ಅದನ್ನೇ, ಗಂಟಲಲ್ಲಿ ಇಳಿಯಲಿಲ್ಲ.

ಜುಲೈ 29, ಮಂಗಳವಾರ. ಆಫೀಸಿಗೆ ಅರ್ಧ ದಿನ ರಜೆ. ಬೆಳಿಗ್ಗೆ ಆರಕ್ಕೇ ಎದ್ದು ಅಕ್ಕಿ ರುಬ್ಬಿದೆ. ಪಕ್ಕದ ಗೋಡೆಯಾಚೆಯವರಿಗೆ ಮಿಕ್ಸಿ ಸದ್ದಿಗೆ ಎಚ್ಚರಾಗಿರಬಹುದು. ಬೆಳ್ಳಿಯ ನಾಗನಿಗೆ ಮಗಳ ಕೈಯಲ್ಲೇ ಹಾಲೆರೆಸಿದೆವು, ಹಾಲಿಗೇನು ಕಮ್ಮಿಯಿಲ್ಲದ ದೇಶ. ಎಳನೀರು ಡಬ್ಬಿಯದು. ಪಂಡನ್ ಎಲೆ ಮಡಿಸಿ ಮುಡಿಸಿದೆ. ಸಿಂಗಾರ, ಅಂದರೆ ಅಡಿಕೆಯ ಹೂ, ಇಲ್ಲ. ಆ ಪೂಜೆ ಹತ್ತು ನಿಮಿಷದಲ್ಲಿ ಮುಗಿಯಿತು. ಊರಿನಲ್ಲಾದರೆ ನಾಗಬನದ ಎದುರು ಒದ್ದೆ ಪಂಚೆಯ, ಒದ್ದೆ ಸೀರೆಯ ಸಾಲಿನಲ್ಲಿ ನಿಂತು, ಯಾರ ಹಾಲು-ಎಳನೀರಿನ ತನು ಮೊದಲು ಎನ್ನುವುದಕ್ಕೇ ಅಷ್ಟು ಹೊತ್ತು ಬೇಕು.

ಎಲೆ ಒರೆಸಿ ಮಣೆಯ ಮೇಲೆ ಹಾಸಿದೆ. ಹಿಟ್ಟು ಹಚ್ಚುವಾಗ ಬೆರಳಿಗೆ ಗೊತ್ತಿತ್ತು, ಅಂಚಿಗೆ ತೆಳು, ನಡುದಂಟಿನ ಮೇಲೆ ಸ್ವಲ್ಪ ದಪ್ಪ. ಕಾಯಿಗೆ ಬೆಲ್ಲ ಸಾಲದಾಗಿತ್ತು. ಕಾಕ್ ಎಲೆಯ ಜೊತೆ ಗುಲಾ ಮೆಲಾಕಾ ಎಂಬ ತೆಂಗಿನ ಬೆಲ್ಲದ ಅಚ್ಚೊಂದನ್ನೂ ಕೊಟ್ಟಿದ್ದರು, ನಮ್ಮ ಓಲೆಬೆಲ್ಲದ ಬಣ್ಣ, ಅದೇ ಹೊಗೆಮಿಶ್ರಿತ ಸಿಹಿ. ಗ್ವಾಟೆಮಾಲಾದ ಏಲಕ್ಕಿ ಗುದ್ದಿ ಹಾಕಿದೆ. ಎಲೆ ಇಡ್ಲಿ ಪಾತ್ರೆಗಿಂತ ಉದ್ದ, ಎರಡು ಮಡಿಕೆ ಮಾಡಿ ಒಳಗೆ ತುರುಕಿದೆ. ಹಬೆ ಏಳುವ ತನಕ ಏನೂ ಇಲ್ಲ. ಆಮೇಲೆ ಒಮ್ಮೆಲೇ ಬಂತು, ಮಾವಿನಶುಂಠಿಯ ಹಾಗೆ, ಸ್ವಲ್ಪ ಕರ್ಪೂರದ ಹಾಗೆ, ಮಳೆಗೆ ನೆನೆದ ಬಚ್ಚಲ ಗೋಡೆಯ ಹಾಗೆ. ಹೊರಗೆ ಡಬ್ಲಿನ್ನಿನ ಸದ್ದಿಲ್ಲದ ಮಳೆ ಜಿನುಗುತ್ತಿತ್ತು. ಇವರು ಮೇಲಿನಿಂದ ಇಳಿದು ಬಂದು ಮೆಟ್ಟಿಲಲ್ಲೇ ನಿಂತರು, "ಪರವಾಗಿಲ್ಲ" ಅನ್ನಲಿಲ್ಲ.

ಮೊದಲ ತಟ್ಟೆ ಎದುರುಮನೆಗೆ. ರಾತ್ರಿಪಾಳಿ ಮುಗಿಸಿ ಬಂದ ಕಾಕ್ ನಿದ್ದೆಗಣ್ಣಲ್ಲೇ ಎಲೆ ಬಿಡಿಸಿ, ಒಳಗಿನ ಹೂರಣ ನೋಡಿ "ಇಂತಿ!" ಎಂದರು. ಕಾಯಿಬೆಲ್ಲಕ್ಕೆ ಅವರಲ್ಲಿ ಅದೇ ಹೆಸರು. ಅವರಮ್ಮನೂ ಇಂಥದ್ದನ್ನು ಕಟ್ಟುತ್ತಿದ್ದರಂತೆ, ಬಾಳೆಲೆಯಲ್ಲಿ. ಅವರ ಕಡೆ ಹಿರಿಯರ ಮನೆ ಜಮೀನು ಹೆಣ್ಣುಮಕ್ಕಳಿಗೇ ಹೋಗುವುದು. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿದ್ದ ನಮ್ಮ ಅಳಿಯಕಟ್ಟಿನ ಸುದ್ದಿ ಹೇಳಿದೆ, ನಮ್ಮಲ್ಲೂ ನಾಗಮೂಲ, ಅಂದರೆ ಕುಟುಂಬದ ನಾಗನ ಸ್ಥಾನ, ತಾಯಿಯ ಕಡೆಯದು ಎಂದೆ. "ಹಾಗಾದರೆ ಮುಂದೆ ನೋಡಿಕೊಳ್ಳುವವಳು ನೀನು" ಎಂದರು. ನಗುತ್ತಲೇ ಹೇಳಿದ್ದು. ಅವರೂ ಮನೆಗೆ ಹಿರಿಮಗಳಂತೆ, ಊರಿನ ಮನೆಗೆ ಬೀಗ.

ಹನ್ನೆರಡಕ್ಕೆ ಅಮ್ಮನಿಗೆ ವಿಡಿಯೊ ಕರೆ ಮಾಡಿದೆ. ಅಲ್ಲಿ ಸಂಜೆ ನಾಲ್ಕೂವರೆ. ತಮಾಷೆಯೆಂದರೆ ಬೇಸಿಗೆಯಲ್ಲಿ ಇಲ್ಲಿಯ ಐರಿಶ್ ಸ್ಟ್ಯಾಂಡರ್ಡ್ ಟೈಮಿಗೂ ಅಲ್ಲಿಯ ಇಂಡಿಯನ್ ಸ್ಟ್ಯಾಂಡರ್ಡ್ ಟೈಮಿಗೂ ಚುಟುಕು ಹೆಸರು ಒಂದೇ, ಐಎಸ್‌ಟಿ.

"ಎಲಿ ಎಲ್ಲಿ ಸಿಕ್ತ್?" ಅಮ್ಮನ ಮೊದಲ ಪ್ರಶ್ನೆ.

"ಕಾಕ್ ಕೊಟ್ಟದ್ದು!" ಎಂದು ಮಗಳು ನಡುವೆ ತಲೆ ಹಾಕಿದಳು.

"ಕಾಕಿಯಾ? ಕಾಕಿ ಎಲಿ ತಂದ್ ಕೊಡ್ತಾ ಅಲ್ಲಿ?" ಅಮ್ಮ ನಕ್ಕೂ ನಕ್ಕೂ ಕೆಮ್ಮಿದಳು. ಆಮೇಲೆ, "ಎದುರ್ಮನೆಯವ್ರಾ? ನಮ್ಮವ್ರಾ ಹೆಣೆ?"

"ಹೌದು" ಅಂದೆ. ರೆಂದಾಂಗಿನ ಸುದ್ದಿ ಎತ್ತಲಿಲ್ಲ.

"ನೀನೆಷ್ಟು ಕಡುಬು ಮಾಡಿದೆ?" ಎಂದು ಕೇಳಿದೆ. ಮಾತು ತಿರುಗಿಸಲು ಕೇಳಿದ್ದು.

"ಬನಕ್ಕೆ ಹೋಯಿ ತನು ಕೊಟ್ ಬಂದೆ. ಒಬ್ಳಿಗೆ ಎಂತ ಕಡುಬು? ಪೇಟಿಯಂಗೆ ಎಲಿ ಕಟ್ ಕಟ್ಟಿ ಇಟ್ಟಿದ್ರ್. ದುಡ್ಡ್ ಕೊಟ್ಟ್ ಅರಸಿನ ಎಲಿ ತಪ್ಪುಕೆ ಮನಸ್ ಬರ್ಲಿಲ್ಲ."

ದುಡ್ಡು ಕೊಟ್ಟು ಏಕೆ ತರಬೇಕು ಎಂದು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಅಪ್ಪ ಹೋದ ಮರುವರ್ಷ, ಪಾಚಿಗೆ ಜಾರಿ ಬೀಳುತ್ತಾಳೆ, ಕಳೆ ಕೀಳಲು ಜನ ಸಿಗುವುದಿಲ್ಲ ಎಂದು ಅಂಗಳಕ್ಕೂ ಹಿತ್ತಿಲಿಗೂ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿದೆವು. ಅಣ್ಣ ನಿಂತು ಹಾಕಿಸಿದ, ಹಣ ಕಳಿಸಿದವಳು ನಾನು. "ಬಚ್ಚಲ ಬದಿ ಸ್ವಲ್ಪ ಬಿಡಿ" ಎಂದು ಅಮ್ಮ ಅಂದಿದ್ದಳು. ಲೆಕ್ಕ ಚದರಡಿಯಲ್ಲಿ ಇತ್ತು, ಬಿಟ್ಟರೆ ನೀರು ನಿಲ್ಲುತ್ತದೆ ಎಂದು ಮೇಸ್ತ್ರಿ ಹೇಳಿದ, ನಾನು ಇಲ್ಲಿಂದ ಫೋನಿನಲ್ಲಿ "ಪೂರ್ತಿ ಹಾಕಿಸಿಬಿಡಿ" ಎಂದೆ. ಫೋಟೊ ಬಂದಾಗ ಚೊಕ್ಕಟವಾಗಿದೆ ಎಂದು ಬರೆದಿದ್ದೆ ಕೂಡ.

"ಕಡುಬು ತೋರ್ಸ್, ಕಾಂಬ" ಎಂದಳು ಅಮ್ಮ.

ಬಿಸಿ ಇದ್ದದ್ದನ್ನೇ ಒಂದು ಎತ್ತಿ ಎಲೆ ಸುಲಿದೆ. ಬಿಳಿ ಹಿಟ್ಟಿನ ಮೇಲೆ ನಡುದಂಟು, ಅದರಿಂದ ಎರಡೂ ಬದಿಗೆ ಓರೆಯಾಗಿ ಇಳಿದ ಸಣ್ಣ ಸಣ್ಣ ಗೆರೆ, ಎಲೆ ಎದ್ದುಹೋದರೂ ಅದರ ಅಚ್ಚು ಹಾಗೇ ಇತ್ತು. ಫೋನಿನ ಹತ್ತಿರ ಹಿಡಿದೆ.

"ಇನ್ನೂ ಹತ್ರ ಹಿಡಿ. ಗೆರಿ ಬಿದ್ದಿತ್ತಾ ಕಾಂಬ."

ಇನ್ನೂ ಹತ್ತಿರ ಹಿಡಿದೆ. ಹಬೆ ಕ್ಯಾಮೆರಾದ ಮೇಲೆ ಕೂತಿತು. ಆ ಕಡೆಯಿಂದ ಅಮ್ಮ, "ಎಂತದೂ ಕಾಂತಿಲ್ಲೆ, ಒರ್ಸ್, ಒರ್ಸ್" ಎನ್ನುತ್ತಿದ್ದಳು. ನನ್ನ ಎರಡೂ ಕೈಗೆ ಬೆಲ್ಲ ಅಂಟಿತ್ತು. ಮಗಳನ್ನು ಕರೆದೆ.